ಬೆಟ್ಟ ಇಳಿಯುವವರೆಗೆ

ಬಡಗಿ ಮುಖ ತೊಳೆಯಲು ಝರಿಯತ್ತ ಬಗ್ಗಿದ್ದೇ ತಡ, ಡ್ರೈವರ್ ಅವನ ಚೀಲದ ಜಿಪ್ ಎಳೆದು ಫೋನ್ ಹೊರತೆಗೆದ. ಅದು ಆಫ್ ಆಗಿತ್ತು. ಸದ್ಯ, ಬಚಾವಾದೆವು ಅಂದುಕೊಂಡು ಅದನ್ನು ಕಾಲುಚೀಲದಲ್ಲಿ ಸುತ್ತಿ ತನ್ನ ಚೀಲದ ತಳಕ್ಕೆ ತುರುಕಿದ.

ನರ್ಸ್ ಕಾವಲು ನಿಂತಿದ್ದಳು.

"ಕಳ್ಳತನ ಮಾಡಿದ ಹಾಗಾಗುತ್ತೆ ಕಣೋ."

"ಆಗಲಿ ಬಿಡು. ಆ ಬಂಡೆ ದಾರಿ ದಾಟೋವರೆಗೂ ಇದು ಅವನ ಕೈಗೆ ಸಿಗಬಾರದು."

ಮೂವರೂ ಒಂದೇ ಶಾಲೆಯಲ್ಲಿ ಓದಿದವರು. ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಏರಿಸಿ ಯಾವುದಾದರೊಂದು ಬೆಟ್ಟಸಾಲು ಸುತ್ತಿ ಬರುವುದು ಅವರ ರೂಢಿ. ಈ ಸಲದ ಸುತ್ತಾಟ ಮುಗಿಯುತ್ತ ಬಂದಿತ್ತು. ಇನ್ನೊಂದು ರಾತ್ರಿ ಕೆಳಗಿನ ತಂಗುಮನೆಯಲ್ಲಿ ಕಳೆದು, ಮರುದಿನ ಬಂಡೆಯಂಚಿನ ಕಿರುದಾರಿ ಇಳಿದರೆ ರಸ್ತೆ, ಬಸ್ಸು, ಮನೆ.

ಬೆಟ್ಟ ಹತ್ತತೊಡಗಿದಾಗಿನಿಂದ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಅವತ್ತು ಬೆಳಿಗ್ಗೆ ಬೆಟ್ಟದ ನೆತ್ತಿ ತಲುಪಿದಾಗ ಬಾಕಿಯಿದ್ದ ಸಂದೇಶಗಳೆಲ್ಲ ಒಟ್ಟಿಗೇ ಬಂದವು. ಎಂದಿನಂತೆ ಬಡಗಿಯೇ ಮುಂದೆ ಹತ್ತಿ ಹೋಗಿದ್ದ. ಇವರಿಬ್ಬರು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ಅವನು ಇವರಿಗೆ ಬೆನ್ನು ಮಾಡಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಡ್ರೈವರನ ಫೋನ್ ಗುಂಯ್‌ಗುಟ್ಟಿತು. ಬಡಗಿಯ ಭಾವನ ಸಂದೇಶ. ಅಕ್ಕ ತೀರಿಕೊಂಡಿದ್ದಳು. ಇವರು ಯಾರೂ ಸಿಗದೆ, ಕಾದು ಸಾಕಾಗಿ, ಎಲ್ಲವನ್ನೂ ಮುಗಿಸಿಯಾಗಿತ್ತು. 'ಅವನಿಗೆ ನೀನೇ ಸಮಯ ನೋಡಿ ಹೇಳಪ್ಪ' ಎಂದು ಕೊನೆಯಲ್ಲಿತ್ತು.

ತಾಯಿಯಿಲ್ಲದ ಬಡಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳು ಇವರಿಬ್ಬರಿಗೂ ಅಕ್ಕನೇ. ಶಾಲೆ ಬಿಟ್ಟೊಡನೆ ಮೂವರೂ ಅವಳ ಅಡುಗೆಮನೆಗೆ ನುಗ್ಗುತ್ತಿದ್ದರು. ಅವಳು ಬಡಿಸುತ್ತಲೇ ಬೈಯುತ್ತಿದ್ದಳು, ಬೈಯುತ್ತಲೇ ಬಡಿಸುತ್ತಿದ್ದಳು. ಈ ಸಲ ಹೊರಡುವ ಹೊತ್ತಿಗೆ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದಳು. ಬಡಗಿ ಬರುವುದಿಲ್ಲವೆಂದು ಹಟ ಹಿಡಿದಿದ್ದ. "ಹೋಗೋ, ನನ್ನ ಮುಖ ನೋಡ್ಕೊಂಡು ಕೂತ್ರೆ ಹೊಲಿಗೆ ಬೇಗ ಮಾಯುತ್ತಾ?" ಎಂದು ಗದರಿ ಅವಳೇ ಕಳಿಸಿದ್ದಳು.

"ನೆಂಟರು ಯಾರಾದ್ರೂ ಅವನ ಫೋನಿಗೂ ಕಳಿಸಿರ್ತಾರೆ. ಆನ್ ಮಾಡಿದ್ರೆ ಮುಗೀತು," ಎಂದ ಡ್ರೈವರ್. "ಹುಚ್ಚನ ಹಾಗೆ ಓಡ್ತಾನೆ. ಆ ದಾರೀಲಿ ಒಂದು ಹೆಜ್ಜೆ ತಪ್ಪಿದ್ರೂ ಇವನೂ ಸಿಗಲ್ಲ. ರಸ್ತೆ ಸೇರಿದ ಮೇಲೆ ಹೇಳೋಣ."

ನರ್ಸ್ ಒಪ್ಪಿದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟೋ ಮನೆಯವರಿಗೆ ಇಂಥ ಸುದ್ದಿ ಮುಟ್ಟಿಸಿದ್ದವಳು ಅವಳು. ಈ ಸುದ್ದಿಯನ್ನು ಮಾತ್ರ ನಾಳೆಗೆ ತಳ್ಳಿದಳು.

ಬಡಗಿ ಝರಿಯಿಂದ ಮುಖ ಒರೆಸಿಕೊಳ್ಳುತ್ತ ಬಂದ. "ಏನು ಗಾಳಿ ಕಣ್ರೋ, ಕಣ್ಣೆಲ್ಲ ಉರಿ," ಎಂದವನೇ ಚೀಲ ಹೆಗಲಿಗೇರಿಸಿದ. ಫೋನ್ ಹುಡುಕಲಿಲ್ಲ. ಇವರಿಬ್ಬರೂ ಉಸಿರು ಬಿಟ್ಟರು.

ಅವತ್ತು ಅವನು ಎಂದಿನಂತೆ ಮುಂದೆ ಹೋಗದೆ ಇವರ ಜೊತೆಗೇ ನಿಧಾನವಾಗಿ ನಡೆದ. ಬಾಯಿ ತೆರೆದರೆ ಅಕ್ಕನ ವಿಷಯವೇ.

"ಈಗ ಏನ್ ಮಾಡ್ತಿರಬಹುದು ಅಕ್ಕ?"

ಡ್ರೈವರ್ ಕೆಮ್ಮಿದ. "ಏನ್ ಮಾಡ್ತಾಳೆ? ಭಾವನ್ನ ಬೈತಿರ್ತಾಳೆ."

"ಯಾಕೆ ಬೈತಾಳೆ ಹೇಳು?"

"ಒದ್ದೆ ಟವೆಲ್ಲು ಕುರ್ಚಿ ಮೇಲೆ ಹಾಕಿರ್ತಾರೆ. ಅದಕ್ಕೆ."

ಬಡಗಿ ಗಟ್ಟಿಯಾಗಿ ನಕ್ಕ. "ಹೌದು. ಬೈದೇ ಬೈತಾಳೆ. ಇನ್ನೇನಂತಾಳೆ?"

ಡ್ರೈವರ್ ಹೇಳುತ್ತ ಹೋದ. ಸುಳ್ಳಿನ ಮೇಲೆ ಸುಳ್ಳು ಪೋಣಿಸಿದ. ನರ್ಸ್ ಮುಂದೆ ಮುಂದೆ ನಡೆದುಬಿಟ್ಟಳು.

ಸಂಜೆ ತಂಗುಮನೆಯ ಒಲೆಯ ಮುಂದೆ ಮೂವರೂ ಕಾಲು ಚಾಚಿ ಕೂತಿದ್ದರು. ಬಡಗಿ ನರ್ಸ್ ಕಡೆ ತಿರುಗಿದ.

"ಹೊಲಿಗೆ ಬಿಚ್ಚಿರ್ತಾರಾ?"

"ಇಷ್ಟೊತ್ತಿಗೆ ಬಿಚ್ಚಿರ್ತಾರೆ."

"ನೋವಿರುತ್ತಾ?"

ಅವಳು ಒಲೆಯ ಬೆಂಕಿಯನ್ನೇ ನೋಡಿದಳು. "ಇಲ್ಲ ಕಣೋ. ಅಕ್ಕನಿಗೆ ಈಗ ಏನೂ ನೋವಿಲ್ಲ."

"ನೀನು ಹೇಳಿದ ಮೇಲೆ ಸರಿ," ಎಂದು ಅವನು ಬಹಳ ಹೊತ್ತು ತಲೆಯಾಡಿಸುತ್ತ ಕೂತ.

ಬೆಳಿಗ್ಗೆ ಅವನು ಏಳಲೇ ಇಲ್ಲ. ಉಳಿದ ದಿನಗಳಲ್ಲಿ ಎಲ್ಲರ ಕಂಬಳಿ ಎಳೆದು ಎಬ್ಬಿಸುತ್ತಿದ್ದವನು ಇವನೇ.

"ಇವತ್ತೊಂದು ದಿನ ಇಲ್ಲೇ ಇದ್ದುಬಿಡೋಣ್ವಾ?" ಎಂದ ಕಂಬಳಿಯೊಳಗಿಂದಲೇ.

"ನನಗೆ ಡ್ಯೂಟಿ ಇದೆ ಕಣಪ್ಪ, ಬಸ್ ನಿಮ್ಮಪ್ಪ ಓಡಿಸ್ತಾರಾ?" ಎಂದು ಡ್ರೈವರ್ ರೇಗಿದ. ಮರುಕ್ಷಣವೇ ಬಗ್ಗಿ ತಾನೇ ಅವನ ಕಂಬಳಿ ಮಡಿಚತೊಡಗಿದ.

ಬಂಡೆ ದಾರಿಯಲ್ಲಿ ಡ್ರೈವರ್ ಮುಂದೆ, ನರ್ಸ್ ಹಿಂದೆ, ಬಡಗಿ ನಡುವೆ. ಬಲಗಡೆ ತಳ ಕಾಣದ ಕಣಿವೆ. ಒಂದೆಡೆ ಅವಳ ಕಾಲಡಿಯ ಕಲ್ಲು ಜಾರಿತು. ಅವಳು ಚೀರುವ ಮೊದಲೇ ಬಡಗಿಯ ಗಟ್ಟಿ ಕೈ ಅವಳ ರಟ್ಟೆ ಹಿಡಿದಿತ್ತು. "ನೋಡ್ಕೊಂಡು," ಎಂದ. ಆಮೇಲೆ ಕೊನೆಯವರೆಗೂ ಆ ಕೈ ಬಿಡಲಿಲ್ಲ.

ರಸ್ತೆ ಬಂತು. ತಗಡಿನ ಮಾಡಿನ ಬಸ್ ನಿಲ್ದಾಣ, ಒಂದು ಕಲ್ಲಿನ ಬೆಂಚು. ಬಸ್ಸು ಇನ್ನೂ ಬಂದಿರಲಿಲ್ಲ. ನರ್ಸ್ ಅವನನ್ನು ಕೂರಿಸಿ, ಎದುರು ಮಂಡಿಯೂರಿ, ಅವನ ಎರಡೂ ಕೈ ಹಿಡಿದಳು.

"ಅಕ್ಕ ಹೋಗಿಬಿಟ್ಟಳು ಕಣೋ."

ಡ್ರೈವರ್ ಫೋನನ್ನು ಬೆಂಚಿನ ಮೇಲಿಟ್ಟ. "ನಾನೇ ಕದ್ದಿದ್ದು. ಬೇಕಾದ್ರೆ ಹೊಡಿ."

ಬಡಗಿ ಹೊಡೆಯಲಿಲ್ಲ, ಅಳಲೂ ಇಲ್ಲ. ಫೋನಿನತ್ತ ತಿರುಗಿಯೂ ನೋಡಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ನೆತ್ತೀಲಿ."

"ನಿನ್ನೇನೇನಾ?" ಅವನ ಮುಖ ಆಗ ಮುರಿದುಬಿತ್ತು. "ಹಾಗಾದ್ರೆ ಆ ಬೈಗುಳ, ಆ ಟವೆಲ್ಲು... ಎಲ್ಲಾ ಗೊತ್ತಿದ್ದೇ ಹೇಳಿದ್ರಾ?"

"ನಿನಗೇನಾದ್ರೂ ಆಗಿಬಿಟ್ರೆ ಅಂತ ಹೆದರಿದ್ವಿ ಕಣೋ," ಎಂದ ಡ್ರೈವರ್ ತಲೆ ತಗ್ಗಿಸಿ.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಬಡಗಿ ಇಬ್ಬರ ಭುಜಕ್ಕೂ ಕೈ ಹಾಕಿ ಹತ್ತಿರ ಎಳೆದುಕೊಂಡ.

"ನೀವು ಮೇಲೆ ಬರೋಕೆ ಮುಂಚೇನೇ ನಾನು ಓದಿ ಆಫ್ ಮಾಡಿದ್ದೆ ಕಣ್ರೋ, ನಿಮಗಿನ್ನೂ ಗೊತ್ತಿಲ್ಲ ಅಂದ್ಕೊಂಡು, ನಿಮ್ಮಿಬ್ಬರ ಬಾಯಲ್ಲಾದ್ರೂ ಅಕ್ಕ ಬೆಟ್ಟ ಇಳಿಯೋವರೆಗೂ ಬದುಕಿರಲಿ ಅಂತ ಸುಮ್ಮನಿದ್ದೆ."