ಒಂದೇ ಚಪ್ಪಲಿಯ ಸದ್ದು

“ಅಣ್ಣಾ, ಒಂದೇ ಚಪ್ಪಲಿ ಸದ್ದು ಕೇಳ್ತಿದೆಯಲ್ಲ, ಇನ್ನೊಂದೆಲ್ಲಿ?”

ಬಿಪಿ ಮೆಷಿನ್ ತರಲು ಕಪಾಟಿನತ್ತ ಕುಂಟುತ್ತಿದ್ದ ಗಡಿಯಾರ ರಿಪೇರಿಯವನು ಅಲ್ಲೇ ನಿಂತ. ಮಂಚದ ಮೇಲಿಟ್ಟ ಫೋನಿನಲ್ಲಿ ಬೇರೆ ಊರಿನ ತಂಗಿ ಉತ್ತರಕ್ಕೆ ಕಾಯುತ್ತಿದ್ದಳು. ಅವಳು ಬಿಪಿ ಎಷ್ಟೆಂದು ಕೇಳಿದಾಗಲೆಲ್ಲ ಅವನು ಬಾಯಿಗೆ ಬಂದ ಅಂಕಿ ಹೇಳಿ ಪಾರಾಗುತ್ತಿದ್ದ. ಇವತ್ತು ಅವಳು, “ಕಿವಿ ಮೇಲೆ ಹೂ ಇಡಬೇಡ, ಈಗಲೇ ನೋಡಿ ಹೇಳು” ಎಂದು ಪಟ್ಟು ಹಿಡಿದಿದ್ದಳು.

ಇನ್ನೊಂದು ಚಪ್ಪಲಿ ಮಂಚದ ಕೆಳಗಿತ್ತು. ಗೌಟ್ ಎಂಬ ಸಂಧಿವಾತದಿಂದ ಊದಿ ಕೆಂಡವಾಗಿದ್ದ ಕಾಲಿನ ಹೆಬ್ಬೆರಳಿಗೆ ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ವಾರದಿಂದ ಅಂಗಡಿಯಲ್ಲಿ ಎಲ್ಲರ ಕಣ್ಣೆದುರೇ ಕುಂಟಿದ್ದ. ಗಿರಾಕಿಗಳು ತಮ್ಮ ಗಡಿಯಾರ ಯಾವಾಗ ಸಿಗುತ್ತದೆಂದು ಕೇಳಿದ್ದರು, ಅಷ್ಟೆ.

“ಗೌಟ್ ಕಣೇ, ಕಾಲ್ಬೆರಳು ಊದಿದೆ,” ಎಂದ ಅವನು. “ಬಿಪಿಗೆ ಹೊಸ ಮಾತ್ರೆ ಶುರು ಮಾಡಿದ ಮೇಲೇ ಹೀಗಾಯ್ತು. ಅದಕ್ಕೇ ಮಾತ್ರೆ ಬಿಟ್ಟುಬಿಟ್ಟೆ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು! ಬಿಡೋದಲ್ಲಣ್ಣಾ, ಗೌಟ್ ಇದೆ ಅಂತ ಡಾಕ್ಟರಿಗೆ ಹೇಳಿ ಬೇರೆ ಮಾತ್ರೆ ಬರೆಸ್ಕೋಬೇಕು. ಬೆಳಿಗ್ಗೆ ಎದ್ದವನೇ ಹೋಗು. ಈಗ ತೋಳಿಗೆ ಮೆಷಿನ್ ಪಟ್ಟಿ ಕಟ್ಕೊಂಡು ಸುಮ್ಮನೆ ಕೂತ್ಕೋ, ಮಾತಾಡಿದ್ರೆ ಅಂಕಿ ಏರುತ್ತೆ.”

ಅವನು ಮೆಷಿನ್ ತಂದು, ಮಂಚದ ಮೇಲೆ ಕೂತು ತೋಳಿಗೆ ಪಟ್ಟಿ ಸುತ್ತಿಕೊಂಡ.

“ಮಾತಾಡಲ್ಲ. ನೀನು ಮಾತ್ರ ಫೋನ್ ಇಡಬೇಡ.”

ಮೆಷಿನ್ ಗುಂಯ್‌ಗುಟ್ಟತೊಡಗಿತು. ಫೋನಿನಲ್ಲಿ ಅಷ್ಟು ಹೊತ್ತೂ ಕೇಳಿಬರುತ್ತಿದ್ದ, ತಂಗಿ ಪಾತ್ರೆ ತೊಳೆಯುವ ಸದ್ದು ನಿಂತು, ಅವಳು ಕುರ್ಚಿ ಎಳೆದು ಫೋನಿನ ಹತ್ತಿರ ಕೂತದ್ದು ಕೇಳಿಸಿತು.