ಹಳೇ ಕಂಪ್ಯೂಟರಿಗೆ ಹೋದ ಪಟ್ಟಿ

ಕಚೇರಿಯೊಳಗಿನ ಮಾತನ್ನು ಹೊರಗೆ ಹೇಳುತ್ತಿದ್ದೇನೆ, ತಪ್ಪಾದರೆ ಕ್ಷಮಿಸಬೇಕು.

ಗೃಹ ನಿರ್ಮಾಣ ಸಂಘಕ್ಕೆ ಹೊಸದಾಗಿ ಬಂದಿದ್ದ ಕಾರ್ಯದರ್ಶಿ ಜಿನ್ನಪ್ಪ, ಸೈಟಿನ ಪಟ್ಟಿಯಿಂದ ಒಬ್ಬ ಸದಸ್ಯೆಯ ಹೆಸರು ತೆಗೆದು ತನ್ನ ಭಾಮೈದನನ್ನು ಸೇರಿಸಿದ್ದ. ಆ ಸದಸ್ಯೆ ಪಟ್ಟಿ ನೋಡಬೇಕೆಂದು ಅರ್ಜಿ ಹಾಕಿದರು.

"ತೋರ್ಸಲ್ಲ ಅನ್ನೋಕಾಗಲ್ಲ," ಎಂದು ಅವನು ಗುಮಾಸ್ತೆ ನಸೀಮಾಗೆ ಹೇಳಿದ. "ಪಟ್ಟೀನ ಮೂಲೇಲಿರೋ ಹಳೇ ಕಂಪ್ಯೂಟರಿಗೆ ಹಾಕಿ, ಹೊಸದರಲ್ಲಿ ಅಳಿಸಿಬಿಡಮ್ಮ. ಅದಕ್ಕೆ ಮೌಸೂ ಇಲ್ಲ. ಅದೇನು ನೋಡ್ತಾರೋ ನೋಡ್ಕೊಳ್ಲಿ."

"ಪೆನ್‌ಡ್ರೈವ್ ಚುಚ್ಚೋಕೆ ಜಾಗಾನೇ ಇಲ್ವಲ್ಲ ಸಾರ್ ಅದರಲ್ಲಿ."

"ಫ್ಲಾಪೀಲಿ ಹಾಕು."

ನಸೀಮಾ ಎಲ್ಲಿಂದಲೋ ಫ್ಲಾಪಿ ಡ್ರೈವ್ ತಂದಳು. ಐದು ಫ್ಲಾಪಿ ಕೈಕೊಟ್ಟವು, ಆರನೆಯದರಲ್ಲಿ ಪಟ್ಟಿ ದಾಟಿತು.

ಎರಡು ದಿನ ಬಿಟ್ಟು ಆ ಸದಸ್ಯೆ ಪಟ್ಟಿ ನೋಡಲು ಬಂದರು, ಎಪ್ಪತ್ತು ದಾಟಿದ ಕಮಲಾಕ್ಷಮ್ಮ. ಜಿನ್ನಪ್ಪ ತಾನೇ ಕುರ್ಚಿ ಎಳೆದುಕೊಟ್ಟ.

"ಎಲ್ಲಾ ಇದರಲ್ಲೇ ಇದೆ ಅಮ್ಮಾ. ಎಷ್ಟು ಹೊತ್ತಾದ್ರೂ ನೋಡಿ. ನಾವು ಮಾತ್ರ ಕೈ ಹಾಕೋ ಹಾಗಿಲ್ಲ."

ಅವರು ಕನ್ನಡಕ ಒರೆಸಿಕೊಂಡು, ಕಪ್ಪು ಪರದೆಯ ಮುಂದೆ ಕೂತು ಪಟಪಟನೆ ಎರಡು ಸಾಲು ಹೊಡೆದರು. ಪಟ್ಟಿ ತೆರೆದುಕೊಂಡಿತು.

ಜಿನ್ನಪ್ಪ ಪರದೆಯತ್ತ ಬಗ್ಗಿದ. "ನಿಮಗಿದು ಹೇಗೆ..."

"ಹದಿನಾರು ವರ್ಷ ಇಲ್ಲೇ ಕೆಲಸ ಮಾಡಿದೀನಿ ಕಣಪ್ಪ. ಈ ಮಿಷನ್ ಬಂದ ದಿನ ಕುಂಕುಮ ಇಟ್ಟು ಆನ್ ಮಾಡಿದವಳೇ ನಾನು."

ಇದು ನಸೀಮಾಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅದು ಮಾತ್ರ ಇವತ್ತಿಗೂ ತಿಳಿದಿಲ್ಲ.