ಬಿಚ್ಚಿದ ಹೊಲಿಗೆ

"ಫ್ರೀಸನ್ ಸಹಿ ಹಾಕಿದ," ಎಂದು ಮ್ಯಾನೇಜರ್ ಹ್ಯಾಲರನ್ ಬಾಗಿಲಲ್ಲೇ ನಿಂತು ಹೇಳಿದಾಗ ಓರೆಸ್ಟ್ ಸಂಜೆಯ ಐಸ್ ಹಾಕಿ ಆಟಕ್ಕೆ ತಂಡದ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದ. ಮಧ್ಯಾಹ್ನ ಹನ್ನೆರಡೂವರೆ. ಆಟಗಾರರನ್ನು ಬೇರೆ ತಂಡಕ್ಕೆ ಕೊಟ್ಟು ತಗೊಳ್ಳಲು ಅವತ್ತೇ ಕೊನೆಯ ದಿನ, ಮೂರು ಗಂಟೆಗೆ ಬಾಗಿಲು ಬಂದ್. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಎಲ್ಲಿಗೂ ಕಳಿಸುವಂತಿಲ್ಲ ಎಂಬ ಹಕ್ಕು ತಂಡದ ನಾಯಕ ಫ್ರೀಸನ್‌ಗಿತ್ತು. ಆ ಹಕ್ಕು ಬಿಟ್ಟುಕೊಡುತ್ತೇನೆಂದು ಅವನೇ ಬರೆದುಕೊಟ್ಟಿದ್ದ.

"ಮುಖ ಯಾಕೆ ಹಾಗೆ ಮಾಡ್ತೀಯ ಗೀಡೊ? ಅವನಿಗೆ ಮೂವತ್ತಾರು. ಅವನನ್ನ ಕೊಟ್ರೆ ಇಬ್ಬರು ಎಳೇ ಹುಡುಗರು ಸಿಗ್ತಾರೆ. ಮೂರು ವರ್ಷದಿಂದ ಕೊನೇ ಸ್ಥಾನದಲ್ಲಿ ಕೂತಿದೀವಿ. ಹೊಸದಾಗಿ ಕಟ್ಟಬೇಕು ಅಂದ್ರೆ ಹಳೇದನ್ನ ಕೆಡವಲೇಬೇಕು."

"ಕೆಡವಿ, ಯಾರು ಬೇಡ ಅಂದ್ರು? ಗೋಡೆ ಬಿಟ್ಟು ಕಂಬ ಕಿತ್ತು ಮಾರ್ತಿದೀರಲ್ಲ, ಸೂರು ಯಾರ ತಲೆ ಮೇಲೆ ಬೀಳ್ತದೆ?" ಎಂದ ಓರೆಸ್ಟ್. ಗೀಡೊ ಎಂದರೆ ಕೆನಡಾದ ಸಸ್ಕಾಚೆವಾನಿನ ಉಕ್ರೇನಿಯನ್ನರ ಮನೆಗಳಲ್ಲಿ ಅಜ್ಜ. ಮೂವತ್ತು ವರ್ಷದಿಂದ ಸ್ಕೇಟುಗಳಿಗೆ ಸಾಣೆ ಹಿಡಿದು ಅಂಗಿ ಹೊಲಿಯುತ್ತಿದ್ದ ಅವನನ್ನು ತಂಡದವರೆಲ್ಲ ಹಾಗೇ ಕರೆಯುತ್ತಿದ್ದರು. ಹ್ಯಾಲರನ್ ಫೋನು ಕಿವಿಗಿಟ್ಟುಕೊಂಡು ಹೊರಟುಹೋದ.

ಓರೆಸ್ಟ್ ಫ್ರೀಸನ್‌ನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡ. ಎದೆಯ ಎಡಕ್ಕೆ ನಾಯಕನ ಗುರುತಾದ 'ಸಿ' ಅಕ್ಷರ, ಬಟ್ಟೆಯಲ್ಲಿ ಕತ್ತರಿಸಿದ್ದು. ಹನ್ನೊಂದು ವರ್ಷ ಪ್ರತಿ ಸೀಸನ್ನಿಗೂ ಅದನ್ನು ಕೈಯಾರೆ ಹೊಲಿದವನು ಅವನೇ. ಹಿಂದಿನ ನಾಯಕ ಹೋದಾಗ ಅಕ್ಷರವಿದ್ದ ಅಂಗಿ ವಾರವಿಡೀ ಗೂಟಕ್ಕೆ ನೇತಾಡಿತ್ತು. ಸತ್ತವರ ಬಟ್ಟೆ ನೋಡಿದಂತೆ ಹುಡುಗರು ಅದನ್ನೇ ನೋಡುತ್ತ ನಾಲ್ಕು ಆಟ ಸೋತಿದ್ದರು. ಇನ್ನು ಮುಂದೆ ಹೋಗುವವನ ಅಕ್ಷರ ಅದೇ ಗಳಿಗೆಗೆ ಇಳಿಯಬೇಕು, ಲಕೋಟೆಯಲ್ಲಿ ಅವನ ಕೈ ಸೇರಬೇಕು ಎಂದು ಓರೆಸ್ಟ್ ಅಂದೇ ನಿಶ್ಚಯಿಸಿದ್ದ. ಈಗ ಕತ್ತರಿ ಮುಟ್ಟದೆ, ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದ. ಎರಡು ಸಲ ಕಣ್ಣು ಮಂಜಾಗಿ ನಿಲ್ಲಿಸಬೇಕಾಯಿತು. ಕೊನೆಗೆ ಅಕ್ಷರವನ್ನು ಲಕೋಟೆಗೆ ಹಾಕಿ ಅಂಟಿಸಿದ.

ಮೂರಾಯಿತು. ರೇಡಿಯೋ ತಂಡ ಬದಲಾದವರ ಹೆಸರುಗಳನ್ನು ಓದಿತು. ಫ್ರೀಸನ್‌ನ ಹೆಸರು ಬರಲೇ ಇಲ್ಲ. ಅವನನ್ನು ಕೊಳ್ಳಬೇಕಿದ್ದ ತಂಡ ಕೊನೆ ಗಳಿಗೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಬೇರೊಬ್ಬನನ್ನು ಆರಿಸಿಕೊಂಡಿತ್ತು.

ಅಯ್ಯೋ ದೇವರೇ, ಏನು ಮಾಡಿಬಿಟ್ಟೆ! ಓರೆಸ್ಟ್ ಲಕೋಟೆ ಹರಿದು, ಸೂಜಿಗೆ ದಾರ ಪೋಣಿಸಲು ತಡಕಾಡುತ್ತಿದ್ದ. ದಾರ ಮೂರು ಸಲ ತಪ್ಪಿತು. ಕೊನೆಗೆ ಪೋಣಿಸಿ ತಲೆಯೆತ್ತಿದರೆ ಬಾಗಿಲಲ್ಲಿ ಫ್ರೀಸನ್.

"ಅಂಗಿ ಕೊಡು ಗೀಡೊ. ಸಂಜೆ ಆಟ ಇದೆಯಲ್ಲ."

ಓರೆಸ್ಟ್ ಅಂಗಿಯನ್ನು ಬೆನ್ನ ಹಿಂದೆ ಹಿಡಿದ.

"ಏನದು ಬಚ್ಚಿಡ್ತಿರೋದು?"

"ತಪ್ಪಾಯ್ತು ಮಗಾ. ನೀನು ಸಹಿ ಹಾಕಿದೆ ಅಂದ್ರು. ಹುಡುಗರ ಕಣ್ಣಿಗೆ ಬೀಳೋದು ಬೇಡ ಅಂತ... ಮೂರು ಗಂಟೆವರೆಗೆ ಕಾಯಬೇಕಿತ್ತು ನಾನು."

ಫ್ರೀಸನ್ ಅಂಗಿ ತೆಗೆದುಕೊಂಡು ನೋಡಿದ. ಒಗೆದು ಒಗೆದು ಮಾಸಿದ ನೀಲಿಯ ನಡುವೆ ಅಕ್ಷರವಿದ್ದಷ್ಟು ಜಾಗ ಮಾತ್ರ ಕಡುನೀಲಿ, ಸುತ್ತ ಸೂಜಿಯ ತೂತುಗಳು. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ.

"ನಿಂದೇನು ತಪ್ಪು ಬಿಡು. ನಾನೂ ಬೆಳಿಗ್ಗೆನೇ ಪೆಟ್ಟಿಗೆ ಕಟ್ಟಿದ್ದೆ," ಎಂದ. "ನೀನಿದ್ರೆ ಹುಡುಗರು ಬೆಳೆಯಲ್ಲ ಅಂದ ಹ್ಯಾಲರನ್. ಹಾಗಾದ್ರೆ ಹೋಗ್ತೀನಿ ಅಂತ ಬರೆದುಕೊಟ್ಟೆ. ಈಗ ನೋಡು, ಇವರಿಗೂ ಬೇಡ, ಅವರಿಗೂ ಬೇಡ."

"ಹುಡುಗರಿಗೆ ಬೇಕು ಕಣೋ! ಹೋಗಿ ನೋಡು ಹೊರಗೆ, ಮಧ್ಯಾಹ್ನದಿಂದ ಒಬ್ಬನೂ ಊಟ ಮುಟ್ಟಿಲ್ಲ."

ಫ್ರೀಸನ್ ಬಾಗಿಲ ಕಡೆ ತಿರುಗಿದ. ಆಚೆಯ ಕೋಣೆಯಿಂದ ಯಾರೋ ಹಾಕಿಸ್ಟಿಕ್ಕಿಗೆ ಟೇಪು ಸುತ್ತುವ ಸದ್ದು ಬಿಟ್ಟರೆ ಮಾತಿಲ್ಲ, ನಗುವಿಲ್ಲ. ಅದನ್ನು ಕೇಳಿಸಿಕೊಂಡವನು ಅಂಗಿಯನ್ನು ಅಜ್ಜನ ತೊಡೆಯ ಮೇಲೆ ಹಾಕಿ, ಎದುರಿನ ಬೆಂಚಿನ ಮೇಲೆ ಕೂತ.

"ಸರಿ, ಹೊಲಿ," ಎಂದ. "ಸಡಿಲವಾಗಿ ಹಾಕು ಆಯ್ತಾ, ಗೀಡೊ. ಬೇಸಿಗೆಗೆ ಸೀಸನ್ ಮುಗಿದು ನನ್ನ ಕಳಿಸಿದಾಗ ಮತ್ತೆ ನೀನೇ ತಾನೆ ಬಿಚ್ಚೋದು."

ಓರೆಸ್ಟ್ ಪೋಣಿಸಿದ್ದ ದಾರವನ್ನು ಸೂಜಿಯಿಂದ ಎಳೆದು ಹಾಕಿ, ಗಟ್ಟಿಯಾಗಲೆಂದು ಎರಡೆಳೆ ಮಾಡಿ, ಮತ್ತೆ ಪೋಣಿಸಿದ.